ಹದಿನೇಳಪ್ಪ ಕಾಣೆಯಾದ ಪ್ರಕರಣ

ಮೂರನೇ ವಾರ್ಡಿನ ಕೈತೊಳೆಯುವ ಸಿಂಕಿನಲ್ಲಿ ವಾಸವಾಗಿದ್ದ ಬ್ಯಾಕ್ಟೀರಿಯಾ ಹದಿನೇಳು ಬಗೆಯ ಔಷಧಿಗಳನ್ನು ಅರಗಿಸಿಕೊಂಡು ಆರೋಗ್ಯವಾಗಿತ್ತು ಎಂಬುದು ದಾಖಲಾದ ಸಂಗತಿ. ಇಡೀ ಆಸ್ಪತ್ರೆಯಲ್ಲಿ ಅಷ್ಟು ಆರೋಗ್ಯವಾಗಿದ್ದವರು ಬೇರೆ ಯಾರೂ ಇರಲಿಲ್ಲ ಎಂಬುದು ದಾಖಲಾಗದ ಸಂಗತಿ.

ಇದನ್ನು ಮೊದಲು ಕಂಡವರು ಲ್ಯಾಬಿನ ತಟ್ಟೆ ಮಾವ. ಗಾಜಿನ ಪುಟ್ಟ ತಟ್ಟೆಗಳಲ್ಲಿ ರೋಗಾಣುಗಳಿಗೆ ಊಟ ಹಾಕಿ ಬೆಳೆಸುವುದು, ಬೆಳೆದ ಮೇಲೆ ಒಂದೊಂದು ಔಷಧಿಯ ಬಿಲ್ಲೆ ಇಟ್ಟು ಯಾವುದಕ್ಕೆ ಸಾಯುತ್ತವೆ ಎಂದು ನೋಡುವುದು ಮೂವತ್ತು ವರ್ಷಗಳಿಂದ ಅವರ ಕಸುಬು. ಸಿಂಕಿನ ಬಾಯನ್ನು ಹತ್ತಿಕಡ್ಡಿಯಿಂದ ಒರೆಸಿ ತಂದದ್ದನ್ನು ಬೆಳೆಸಿದಾಗ, ಅದು ಹದಿನೇಳು ಬಿಲ್ಲೆಗಳನ್ನೂ ಸುತ್ತುವರಿದು ಹಾಯಾಗಿ ಹಬ್ಬಿಕೊಂಡಿತ್ತು.

"ಮಾವನ ಮನೆಗೆ ಬಂದ ಹೊಸ ಅಳಿಯ ಇದ್ದ ಹಾಗಿದೆ ಕಣಮ್ಮ," ಎಂದು ಅವರು ನೆಲ ಒರೆಸುತ್ತಿದ್ದ ಫಿನಾಯಿಲಕ್ಕನಿಗೆ ತಟ್ಟೆ ತೋರಿಸಿದರು. "ಏನು ಬಡಿಸಿದ್ರೂ ಬೇಡ ಅನ್ನಲ್ಲ."

ಆ ಹೊತ್ತಿನಿಂದಲೇ ಅದಕ್ಕೆ ಹದಿನೇಳಪ್ಪ ಎಂಬ ಹೆಸರು ನಿಂತಿತು.

ಬೇರೆ ಕಡೆ ಇಂಥದ್ದು ಸಿಕ್ಕರೆ ಸಿಂಕನ್ನು ಕಿತ್ತು ಬಿಸಾಡುತ್ತಾರಂತೆ. ಇಲ್ಲಿ ಅಂಥ ಅವಸರಕ್ಕೆ ಅವಕಾಶವಿರಲಿಲ್ಲ, ಏಕೆಂದರೆ ಇಲ್ಲಿ ಒಬ್ಬರು ಪ್ರೊಫೆಸರ್ ಇದ್ದರು. ಅವರು 'ಆಸ್ಪತ್ರೆಯ ಪರಿಸರದಲ್ಲಿ ಔಷಧಿಗೆ ಬಗ್ಗದ ಸೋಂಕುಗಳ ನಿರ್ಮೂಲನೆ: ಒಂದು ಸಮಗ್ರ ಅಧ್ಯಯನ' ಎಂಬ ಯೋಜನೆಯನ್ನು ಬರೆದು ಕಳಿಸಿದರು. ನಿರ್ಮೂಲನೆಯನ್ನು ಅಧ್ಯಯನ ಮಾಡಬೇಕಾದರೆ ನಿರ್ಮೂಲವಾಗಬೇಕಾದದ್ದು ಮೊದಲು ಚೆನ್ನಾಗಿ ಬಾಳಿ ಬದುಕಬೇಕು ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತಾಗುವ ಮಾತು. ಯೋಜನೆ ಮಂಜೂರಾಯಿತು. ಹನ್ನೊಂದು ಹುದ್ದೆಗಳು ಬಂದವು. ಸಂಯೋಜಕರ ಹುದ್ದೆಗೆ ದೇಶದ ಮೂಲೆ ಮೂಲೆಯಿಂದ ಅರ್ಜಿ ಕರೆದು, ಬಂದ ಇನ್ನೂರು ಜನರಲ್ಲಿ ಅರ್ಹತೆಯೊಂದನ್ನೇ ನೋಡಿ, ಅಧೀಕ್ಷಕರ ಅಳಿಯನನ್ನು ಆರಿಸಲಾಯಿತು. ಪ್ರೊಫೆಸರರ ಕೋಣೆಯಿಂದ ಸಿಂಕಿಗೆ ಮೂವತ್ತು ಹೆಜ್ಜೆ. ಕ್ಷೇತ್ರಕಾರ್ಯಕ್ಕೆಂದು ಒಂದು ಜೀಪು ಬಂತು.

ಸಿಂಕಿನ ಮೇಲೆ ಒಂದು ಬೋರ್ಡ್ ತೂಗುಹಾಕಲಾಯಿತು.

'ಸದರಿ ಸಿಂಕನ್ನು ಅಧ್ಯಯನ ಕ್ಷೇತ್ರವೆಂದು ಘೋಷಿಸಲಾಗಿದೆ. ಮೂರು ವರ್ಷಗಳ ಅವಧಿಗೆ ಇದನ್ನು ಯಾರೂ ತೊಳೆಯತಕ್ಕದ್ದಲ್ಲ. ಇದರಲ್ಲಿ ಕೈ ತೊಳೆಯಲು ಅಡ್ಡಿಯಿಲ್ಲ. ದೈನಂದಿನ ಬಳಕೆ ನಿಂತರೆ ಸ್ವಾಭಾವಿಕ ಪರಿಸ್ಥಿತಿಗೆ ಧಕ್ಕೆಯುಂಟಾಗುತ್ತದೆ.'

ದಾದಿಯರು ಶಿಸ್ತಿನವರು. ಅಲ್ಲೇ ಕೈ ತೊಳೆದರು, ತೊಳೆದ ಕೈಯಲ್ಲೇ ಗಾಯಗಳಿಗೆ ಪಟ್ಟಿ ಕಟ್ಟಿದರು. ಹದಿನೇಳಪ್ಪನ ಸಂಸಾರ ವಾರ್ಡಿನ ತುಂಬ ಬೆಳೆಯಿತು.

ಫಿನಾಯಿಲಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಹನ್ನೊಂದು ವರ್ಷಗಳಿಂದ ಅವಳು ತಾತ್ಕಾಲಿಕ. ಅವಳ ಗಂಡ ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಾನೆ, ಅವನೂ ತಾತ್ಕಾಲಿಕ, ಲಿಫ್ಟೂ ಒಂದು ಬಗೆಯಲ್ಲಿ ತಾತ್ಕಾಲಿಕವೇ. ಬರುವ ಒಂದನೇ ತಾರೀಖು ಕಾಯಂ ನೌಕರರ ಪಟ್ಟಿ ಹೊರಬೀಳುವುದಿತ್ತು, ಅದರಲ್ಲಿ ಅವಳ ಹೆಸರು ನಾಲ್ಕನೆಯದು. ಕಾಯಂ ಆದರೆ ಎರಡು ಕೋಣೆಯ ಕ್ವಾರ್ಟರ್ಸ್, ಮನೆಯೊಳಗೇ ನಲ್ಲಿ. ಹನ್ನೊಂದು ವರ್ಷ ಊರಿಗೆಲ್ಲ ನೀರು ಚೆಲ್ಲಿ ತೊಳೆದವಳು ಮನೆಗೆ ಹೋಗಿ ಎರಡು ಬೀದಿ ಆಚೆಯಿಂದ ಕೊಡ ಹೊರುತ್ತಿದ್ದಳು. ಒಳಗಿನ ನಲ್ಲಿಯನ್ನು ಅವಳು ಕನಸಿನಲ್ಲಿ ತಿರುಗಿಸಿ ತಿರುಗಿಸಿ ಅದರ ಕಿವಿಯೇ ಸವೆದಿತ್ತು. ಷರತ್ತು ಒಂದೇ: ಸೇವಾ ದಾಖಲೆಯಲ್ಲಿ ಸಾಸಿವೆಯಷ್ಟೂ ಕಪ್ಪು ಚುಕ್ಕೆ ಇರಬಾರದು.

ಚುಕ್ಕೆ ಬೀಳಲು ಕಾರಣನಾದವನು ಸಿಂಕಿನ ಪಕ್ಕದ ಏಳನೇ ಹಾಸಿಗೆಯ ಬಸ್ ಡ್ರೈವರ್. ಪಾದದಲ್ಲೊಂದು ಸಣ್ಣ ಗಾಯ ಅಂತ ಬಂದವನು ನಲವತ್ತು ದಿನದಿಂದ ಮಲಗಿದ್ದ. ಮುಂದಿನ ವಾರದ ಗುರುವಾರ ಅವನ ಕಾಲಿನ ಎರಡು ಬೆರಳು ತೆಗೆಯುವುದೆಂದು ತೀರ್ಮಾನವಾಗಿತ್ತು.

"ಅಕ್ಕಾ, ಇದು ಬ್ರೇಕ್ ಒತ್ತೋ ಕಾಲು," ಎಂದ ಅವನು. "ಇದನ್ನ ಕತ್ತರಿಸಿದ್ರೆ ಬಸ್ಸನ್ನ ಹೇಗಕ್ಕ ನಿಲ್ಸೋದು? ಬಾಯಲ್ಲಿ ಹೇಳಿದ್ರೆ ನಿಲ್ಲುತ್ತಾ?"

"ಪ್ರೊಫೆಸರ್ ಸಾಹೇಬ್ರಿಗೆ ಹೇಳಿದ್ಯೇನಪ್ಪ?"

"ಹೇಳ್ದೆ. ನಿನ್ನ ಗಾಯದಿಂದ ನಮ್ಮ ಅಧ್ಯಯನಕ್ಕೆ ತುಂಬಾ ಉಪಕಾರ ಆಗ್ತಿದೆ ಅಂತ ಬೆನ್ನು ತಟ್ಟಿದ್ರು. ಫೋಟೋನೂ ತೆಗ್ಸಿದ್ರು. ಕಾಲಿಂದು."

ಫಿನಾಯಿಲಕ್ಕ ಬಗ್ಗಿ ಆ ಎರಡು ಬೆರಳು ನೋಡಿದಳು. ಉಗುರಲ್ಲಿ ಹೋಗುವುದಕ್ಕೆ ಇವರು ಕೊಡಲಿ ತರುತ್ತಿದ್ದಾರಲ್ಲ ಎನಿಸಿತು. ಬಿಟ್ಟುಬಿಡೋಣವೆಂದರೆ ಅವನ ಬೆರಳು, ತೊಳೆಯೋಣವೆಂದರೆ ಅವಳ ನಲ್ಲಿ. ಶುಕ್ರವಾರ ಬೆಳಗಿನ ಪಾಳಿಗೆ ಬಂದವಳು ಸಿಂಕಿನ ಮುಂದೆ ತುಂಬಾ ಹೊತ್ತು ನಿಂತಳು. ಸಿಂಕನ್ನು ತೊಳೆಯಬಾರದೆಂದು ಬೋರ್ಡ್ ಹೇಳುತ್ತಿತ್ತು. ಬೋರ್ಡನ್ನು ತೊಳೆಯಬಾರದೆಂದು ಯಾವ ಬೋರ್ಡೂ ಹೇಳುತ್ತಿರಲಿಲ್ಲ. ಬೋರ್ಡಿನ ಮೇಲೆ ಬೆರಳಷ್ಟು ದಪ್ಪ ಧೂಳು ಕೂತಿತ್ತು. ಅವಳು ಅರ್ಧ ಬಕೆಟ್ ನೀರಿಗೆ ಕೈತುಂಬ ಬ್ಲೀಚಿಂಗ್ ಪುಡಿ ಕಲಸಿ, ಬೋರ್ಡನ್ನು ತಲೆಯಿಂದ ಕಾಲಿನ ತನಕ ಅಭ್ಯಂಜನ ಮಾಡಿಸಿದಂತೆ ತೊಳೆದಳು. ಒಂದಲ್ಲ, ಮೂರು ಸಲ. ಬೋರ್ಡಿನ ಕೆಳಗೆ ಸಿಂಕು ಇದ್ದದ್ದು ಅವಳ ತಪ್ಪಲ್ಲ.

ಸೋಮವಾರ ತಟ್ಟೆ ಮಾವನ ತಟ್ಟೆ ಖಾಲಿ. ಮಂಗಳವಾರವೂ ಖಾಲಿ. ಬುಧವಾರ ಅವರು ಕನ್ನಡಕ ಒರೆಸಿಕೊಂಡು ನೋಡಿದರು, ಆಗಲೂ ಖಾಲಿ. ಅಷ್ಟರಲ್ಲಿ ಡ್ರೈವರನ ಜ್ವರ ಇಳಿದಿತ್ತು, ಗಾಯದ ಅಂಚು ಕೆಂಪಾಗಿ ಕೂಡಿಕೊಳ್ಳುತ್ತಿತ್ತು. ಕತ್ತರಿ ಹಿಡಿಯಬೇಕಿದ್ದ ಸರ್ಜನ್ ಬಂದು ನೋಡಿ, ಇದರಲ್ಲಿ ಕತ್ತರಿಸುವುದಕ್ಕೆ ಏನೂ ಉಳಿದಿಲ್ಲವಲ್ಲ ಎಂದು ಬೇಸರದಿಂದ ಹೋದರು. ಕೂಡಲೇ ಯೋಜನಾ ಕಚೇರಿಯಿಂದ ಡ್ರೈವರನಿಗೆ ಒಂದು ಜ್ಞಾಪನ ಬಂತು.

'ತಾವು ಅಧ್ಯಯನ ಸಮಿತಿಯ ಪೂರ್ವಾನುಮತಿಯನ್ನು ಪಡೆಯದೆ ಗುಣಮುಖರಾಗತೊಡಗಿರುವುದು ಗಮನಕ್ಕೆ ಬಂದಿರುತ್ತದೆ. ಇದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಕದಲತಕ್ಕದ್ದಲ್ಲ.'

ಡ್ರೈವರ್ ಒಳ್ಳೆಯ ಮನುಷ್ಯ. 'ತಿಳಿಯದೆ ಆಯಿತು, ಕ್ಷಮಿಸಬೇಕು' ಎಂದು ಬರೆದುಕೊಟ್ಟ.

ಪ್ರೊಫೆಸರರು ಸಿಂಕಿನ ಅಂಚು ಹಿಡಿದುಕೊಂಡು ನಿಂತುಬಿಟ್ಟರು. ಹದಿನೇಳಪ್ಪ ಇಲ್ಲದಿದ್ದರೆ ಯೋಜನೆ ಇಲ್ಲ, ಯೋಜನೆ ಇಲ್ಲದಿದ್ದರೆ ಹನ್ನೊಂದು ಜನ ಇಲ್ಲ, ಜೀಪಿಲ್ಲ, ಮುಂದಿನ ತಿಂಗಳ ವಿದೇಶದ ಸಮ್ಮೇಳನವಂತೂ ಇಲ್ಲವೇ ಇಲ್ಲ. ಅಳಿಯ ಅಧೀಕ್ಷಕ ಮಾವನ ಕೋಣೆಗೆ ಓಡಿದ. ಅಧೀಕ್ಷಕರು ಆಸ್ಪತ್ರೆಯ ಎಲ್ಲ ಗೋಡೆಗಳಿಗೂ ಒಂದು ಪ್ರಕಟಣೆ ಅಂಟಿಸಿದರು.

'ಕಾಣೆಯಾಗಿದೆ. ಮೂರನೇ ವಾರ್ಡಿನ ಸಿಂಕಿನಿಂದ ಒಂದು ಬ್ಯಾಕ್ಟೀರಿಯಾ ಶುಕ್ರವಾರ ಬೆಳಿಗ್ಗೆ ಹೋದದ್ದು ಈವರೆಗೆ ಮರಳಿರುವುದಿಲ್ಲ. ಚಹರೆ: ಕೋಲು ಮೈ, ಸಾಧಾರಣ ಮೈಕಟ್ಟು, ಬಣ್ಣ ಹಾಕಿದಾಗ ಎಣ್ಣೆಗೆಂಪು. ಎತ್ತರ: ಹೇಳುವಷ್ಟಿಲ್ಲ. ಮಾತನಾಡುವ ಭಾಷೆ ತಿಳಿದುಬಂದಿಲ್ಲ. ಕಾಣೆಯಾದಾಗ ಯಾವುದೇ ಉಡುಪು ಧರಿಸಿರಲಿಲ್ಲ. ಸುಳಿವು ಸಿಕ್ಕವರು ಮುಟ್ಟದೆ ಲ್ಯಾಬಿಗೆ ತಿಳಿಸತಕ್ಕದ್ದು.'

ಎರಡು ದಿನದಲ್ಲಿ ನಲವತ್ತಾರು ಜನ ಸುಳಿವು ಕೊಟ್ಟರು. ಅದರಲ್ಲಿ ಮೂವರು ಅದನ್ನು ಕಣ್ಣಾರೆ ಕಂಡಿದ್ದರು. ಒಬ್ಬರ ಜೊತೆ ಅದು ಮೆಟ್ಟಿಲಿನಲ್ಲಿ ಮಾತನಾಡಿತ್ತು.

ಕೊನೆಗೆ ಯಾರೋ ಬೋರ್ಡ್ ಫಳಫಳ ಹೊಳೆಯುವುದನ್ನು ನೋಡಿದರು. ಆಸ್ಪತ್ರೆಯಲ್ಲಿ ಯಾವುದಾದರೂ ಹೊಳೆದರೆ ಅನುಮಾನ ಫಿನಾಯಿಲಕ್ಕನ ಮೇಲೆಯೇ. ವಿಚಾರಣಾ ಸಮಿತಿ ಕೂತಿತು. ಒಂದು ಕಡೆ ಅಧೀಕ್ಷಕರು, ಒಂದು ಕಡೆ ಪ್ರೊಫೆಸರರು, ನಡುವೆ ನಡಾವಳಿ ಬರೆಯಲು ಅಳಿಯ.

"ಸಿಂಕು ತೊಳೆದೆಯೋ?" ಎಂದರು ಅಧೀಕ್ಷಕರು.

"ಇಲ್ಲ ಸ್ವಾಮಿ. ಬೋರ್ಡ್ ತೊಳೆದೆ. ನೀರು ಕೆಳಕ್ಕೆ ಹೋಯ್ತು. ಮೇಲಕ್ಕೆ ಹೋಗು ಅಂತ ನಾನು ಹೇಳೋಕಾಗುತ್ತಾ?"

"ಯಾವುದರಿಂದ ತೊಳೆದೆ?"

"ಬ್ಲೀಚಿಂಗ್ ಪುಡಿ."

ಪ್ರೊಫೆಸರರು ಎದ್ದು ನಿಂತರು. "ಇಪ್ಪತ್ತು ವರ್ಷ ಓದಿದ ನಾವು ಹದಿನೇಳು ಔಷಧಿ ಕೊಟ್ಟರೂ ಅದು ಸಾಯಲಿಲ್ಲ. ಯಾವ ಪದವಿಯೂ ಇಲ್ಲದೆ ಒಂದು ಬಕೆಟ್ಟಿನಲ್ಲಿ ನೀನು ಸಾಯಿಸಿಬಿಟ್ಟೆಯಲ್ಲಮ್ಮ! ಇದು ವಿಜ್ಞಾನಕ್ಕೆ ಮಾಡಿದ ಅವಮಾನ ಅಲ್ಲವೇ?"

"ತಪ್ಪಾಯ್ತು ಸ್ವಾಮಿ. ಡ್ರೈವರಣ್ಣನ ಕಾಲು ನೋಡೋಕಾಗ್ಲಿಲ್ಲ."

"ನೋಡುವುದು ನಿನ್ನ ಕೆಲಸ ಅಲ್ಲ, ನಮ್ಮದು," ಎಂದರು ಪ್ರೊಫೆಸರರು. ಮಾತು ನಿಜವಾಗಿತ್ತು.

ಆದೇಶ ಹೊರಬಿತ್ತು. ಫಿನಾಯಿಲಕ್ಕ ಏಳು ದಿನಗಳೊಳಗೆ ಎಲ್ಲಿಂದಾದರೂ ಸರಿ ಹದಿನೇಳಪ್ಪನನ್ನು ಹುಡುಕಿ ತಂದು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಪಟ್ಟಿಯಿಂದ ಹೆಸರು ತೆಗೆಯುವುದಲ್ಲದೆ ಕೆಲಸದಿಂದಲೂ ತೆಗೆಯಲಾಗುವುದು. ಏಳನೇ ಹಾಸಿಗೆಯ ರೋಗಿಯು ಅಧ್ಯಯನ ಕ್ಷೇತ್ರದ ಅವಿಭಾಜ್ಯ ಅಂಗವಾದ್ದರಿಂದ ಅವನು ಅಲ್ಲೇ ಇದ್ದು, ಹದಿನೇಳಪ್ಪ ಮರಳಿದ ಮೇಲೆ ಹಿಂದಿನಂತೆಯೇ ಸಹಕರಿಸತಕ್ಕದ್ದು.

ಅಂದು ಮಧ್ಯಾಹ್ನ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಅವಳು ಕಣ್ಣೊರೆಸಿಕೊಂಡಳು.

"ಸಿಕ್ಕದಿದ್ರೆ ನಮ್ಮ ಬಾಯಿಗೆ ಮಣ್ಣು, ಸಿಕ್ಕಿದ್ರೆ ಡ್ರೈವರಣ್ಣನ ಕಾಲಿಗೆ ಕತ್ರಿ. ಏನ್ರೀ ಮಾಡ್ಲಿ?"

ಗಂಡ ಎರಡನೇ ಮಹಡಿಯಿಂದ ಮೂರನೆಯದಕ್ಕೆ ಹೋಗುವಷ್ಟೂ ಹೊತ್ತು ಯೋಚಿಸಿದ. ಅಂದರೆ ಸುಮಾರು ಆರು ನಿಮಿಷ. "ಮೊದ್ಲು ಹುಡುಕು. ಸಿಕ್ಕ ಮೇಲೆ ಏನಾದ್ರೂ ದಾರಿ ಇರುತ್ತೆ. ನನ್ನ ಲಿಫ್ಟಿಂದಾನೇ ಶುರು ಮಾಡು. ಈ ಬಟನ್ನುಗಳನ್ನ ಊರೋರೆಲ್ಲ ಒತ್ತಿದ್ದಾರೆ."

ಹನ್ನೊಂದು ವರ್ಷ ಕೊಳೆಯ ಹಿಂದೆ ಓಡಾಡಿದವಳಿಗೆ ಅದರ ವಿಳಾಸಗಳೆಲ್ಲ ಬಾಯಿಪಾಠ. ತಟ್ಟೆ ಮಾವನಿಂದ ಒಂದು ಕಟ್ಟು ಹತ್ತಿಕಡ್ಡಿ ಇಸಿದುಕೊಂಡು ಹೊರಟಳು. ಬಟನ್ನು ಒರೆಸಿದಳು, ಬಾಗಿಲ ಹಿಡಿ ಒರೆಸಿದಳು, ಹೆಬ್ಬೆಟ್ಟೊತ್ತುವ ಹಾಜರಿ ಯಂತ್ರ, ತಳ್ಳುಕುರ್ಚಿಯ ಹಿಡಿಕೆ, ಅಧೀಕ್ಷಕರ ಮೇಜಿನ ಕರೆಗಂಟೆ, ದಾದಿಯರ ಕೋಣೆಯ ಫೋನು ಒರೆಸಿದಳು. ತಟ್ಟೆ ಮಾವ ಒಂದೊಂದನ್ನೂ ಬೆಳೆಸಿ, ಎಷ್ಟು ಔಷಧಿಗೆ ಬಗ್ಗಲಿಲ್ಲ ಎಂದು ಫಲಿತಾಂಶ ಹೊರಗೆ ಬರೆದು ಅಂಟಿಸತೊಡಗಿದರು.

ಆಮೇಲೆ ನೋಡಬೇಕು ಆಸ್ಪತ್ರೆಯ ಸಂಭ್ರಮ! ಫಲಿತಾಂಶದ ಮುಂದೆ ಜನ ಕತ್ತು ಚಾಚಿ ನಿಲ್ಲುತ್ತಿದ್ದರು. ಹಾಜರಿ ಯಂತ್ರಕ್ಕೆ ಹದಿಮೂರು ಬಂತು, ಕಚೇರಿಯವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಕರೆಗಂಟೆಗೆ ಹದಿನಾಲ್ಕು ಬಂತು. ಇಡೀ ಕಟ್ಟಡದಲ್ಲಿ ಅದನ್ನು ಒತ್ತುವವರು ತಾವೊಬ್ಬರೇ ಎಂದು ಅಧೀಕ್ಷಕರು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದರು. ದಾದಿಯರ ಫೋನಿಗೆ ಬರೀ ಒಂಬತ್ತು ಬಂದು ಅವರು ಮುಖ ಊದಿಸಿಕೊಂಡರು. ತಮ್ಮದನ್ನೂ ಪರೀಕ್ಷಿಸಬೇಕೆಂದು ಅಡುಗೆಕೋಣೆಯವರು ಅರ್ಜಿ ಕೊಟ್ಟರು.

"ನನ್ನ ಲಿಫ್ಟಿಗೆಷ್ಟು?" ಎಂದು ಗಂಡ ದಿನಕ್ಕೆ ಮೂರು ಸಲ ಕೇಳಿದ.

"ಹನ್ನೆರಡು ಕಣ್ರೀ."

"ಹನ್ನೆರಡೇನಾ! ಇಷ್ಟು ವರ್ಷ ಇಷ್ಟು ಜನರನ್ನ ಹೊತ್ತು, ಆ ಗಂಟೆಗಿಂತ ಕಮ್ಮೀನಾ?" ಅವನು ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತನಾಡಲಿಲ್ಲ.

ಹದಿನಾಲ್ಕಕ್ಕಿಂತ ಮೇಲೆ ಮಾತ್ರ ಯಾವುದೂ ಏರಲಿಲ್ಲ. ಆರನೇ ದಿನ ಹೊರಗಿನಿಂದ ನಾಲ್ವರು ವಿದ್ವಾಂಸರು ಬಂದರು, ಪ್ರೊಫೆಸರರು ಅವರನ್ನು ಸಿಂಕಿನ ಬಳಿ ಕರೆದೊಯ್ದರು. ಹದಿನೇಳಪ್ಪ ಎಲ್ಲಿ ಕೂರುತ್ತಿದ್ದ, ಎಲ್ಲಿ ಮಲಗುತ್ತಿದ್ದ ಎಂದು ಬಗ್ಗಿ ಬಗ್ಗಿ ತೋರಿಸುವಾಗ ಅವರ ಬಿಳಿ ಕೋಟಿನ ತೋಳಿನ ತುದಿ ಸಿಂಕಿನ ಬಾಯಿಗೆ ಇಳಿಯುತ್ತಿತ್ತು, ಮೇಲೇಳುತ್ತಿತ್ತು. ಪಕ್ಕದಲ್ಲಿ ಪೊರಕೆ ಹಿಡಿದಿದ್ದ ಫಿನಾಯಿಲಕ್ಕ ಆ ತುದಿಯನ್ನೇ ನೋಡಿದಳು. ಆ ಕೋಟನ್ನು ಅವರು ಪದವಿ ಪಡೆದ ದಿನ ಹಾಕಿಕೊಂಡದ್ದಂತೆ. ಅಭಿಮಾನದಿಂದ ಈವರೆಗೂ ಒಗೆಸಿರಲಿಲ್ಲ. ದಿನವೂ ಸಿಂಕಿಗೆ ಬಗ್ಗುವುದು, ಸಿಂಕಿನಿಂದ ರೋಗಿಗಳ ಗಾಯಕ್ಕೆ ಬಗ್ಗುವುದು, ಅವರ ಸಂಶೋಧನೆಯ ಕ್ರಮ.

"ಸಾರ್, ತೋಳಿಗೆ ಏನೋ ಅಂಟಿದೆ," ಎಂದು ಅವಳು ಹತ್ತಿಕಡ್ಡಿಯಿಂದ ಒರೆಸಿದಳು.

"ಥ್ಯಾಂಕ್ಸ್ ಅಮ್ಮ," ಎಂದರು ಪ್ರೊಫೆಸರರು.

ಗಡುವು ಮುಗಿದ ಮಾರನೇ ದಿನ ಸಮಿತಿ ಮತ್ತೆ ಕೂತಿತು. ಫಿನಾಯಿಲಕ್ಕ ಒಂದು ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದಳು, ಹಿಂದೆ ತಟ್ಟೆ ಮಾವ.

"ಸಿಕ್ಕಿದ ಸ್ವಾಮಿ. ಆದ್ರೆ ತೋರಿಸೋಕೆ ಮುಂಚೆ ಒಂದು ಮಾತು. ಅವನನ್ನ ಮತ್ತೆ ಸಿಂಕಿಗೇ ಬಿಡ್ಬೇಕಾ, ಅಥವಾ ಸಿಕ್ಕಿದ ಜಾಗಾನೇ ಇನ್ಮೇಲೆ ಕ್ಷೇತ್ರಾನಾ?"

"ಸ್ವಾಭಾವಿಕ ಪರಿಸ್ಥಿತಿಯನ್ನು ಕದಲಿಸಲೇಬಾರದು," ಎಂದರು ಪ್ರೊಫೆಸರರು. ಅವರಿಗೆ ಹೋದ ಜೀವ ಬಂದಿತ್ತು. "ಬರಕೊಳ್ಳಿ! ಸಿಕ್ಕಿದ ಜಾಗ ಯಾವುದೇ ಆಗಿರಲಿ, ಯಾರದೇ ಆಗಿರಲಿ, ಅದೇ ಅಧ್ಯಯನ ಕ್ಷೇತ್ರ."

"ಹಾಗಾದ್ರೆ ಏಳನೇ ಹಾಸಿಗೆ?"

"ಕ್ಷೇತ್ರದ ಪಕ್ಕ ಇಲ್ಲದ ಹಾಸಿಗೆ ನಮಗೇಕೆ? ಅವನು ಮನೆಗೆ ಹೋಗಲಿ. ಹೊಸ ಕ್ಷೇತ್ರಕ್ಕೆ ನಿಯಮ ಎಲ್ಲ ಹಳೆಯದೇ. ತೊಳೆಯಬಾರದು, ಸ್ಥಳ ಬಿಟ್ಟು ಕದಲಿಸಬಾರದು, ಮೂರನೇ ವಾರ್ಡಿನಿಂದ ಹೊರಗೆ ಒಯ್ಯಬಾರದು."

ಅಳಿಯ ಬರೆದ. ಮೂವರೂ ಸಹಿ ಹಾಕಿದರು. ಅಧೀಕ್ಷಕರು ಮೊಹರು ಒತ್ತಿದರು. ಆಗ ತಟ್ಟೆ ಮಾವ ಫಲಿತಾಂಶ ಓದಿದರು.

"ಹದಿನೆಂಟು."

ಅಳಿಯ ಅದನ್ನೂ ಬರೆದುಕೊಂಡ.

"ಹೋದ ತಿಂಗಳು ಮಾರುಕಟ್ಟೆಗೆ ಬಂದ ಹೊಸ ಔಷಧಿಗೂ ಬಗ್ಗಿಲ್ಲ," ಎಂದರು ತಟ್ಟೆ ಮಾವ. "ಸಿಕ್ಕಿದ ಸ್ಥಳ, ಪ್ರೊಫೆಸರ್ ಸಾಹೇಬರ ಕೋಟಿನ ಬಲತೋಳು."

ಪ್ರೊಫೆಸರರ ಕೈ ತಾನಾಗಿ ತೋಳಿನ ಕಡೆ ಹೋಯಿತು. "ಕ್ಷೇತ್ರವನ್ನು ಮುಟ್ಟಬೇಡಿ!" ಎಂದು ಅಧೀಕ್ಷಕರು ಕೂಗಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ತಟ್ಟೆ ಮಾವ ಬಹಳ ಮೆಲ್ಲಗೆ ಅಂದುಕೊಂಡರು.

"ಕೋಟು ಬಿಚ್ಚಿ ಕೊಟ್ಟುಬಿಡ್ತೀನಿ," ಎಂದರು ಪ್ರೊಫೆಸರರು.

"ಆಗಲ್ಲ ಸಾರ್," ಎಂದ ಅಳಿಯ, ನಡಾವಳಿ ನೋಡುತ್ತಾ. "ಸ್ವಾಭಾವಿಕ ಪರಿಸ್ಥಿತಿ ಅಂತ ನೀವೇ ಬರೆಸಿದ್ದೀರಿ. ಮೈಯ ಬಿಸಿ ಇಲ್ಲದಿದ್ರೆ ಹದಿನೆಂಟಪ್ಪನಿಗೆ ಶೀತ ಆಗಬಹುದು."

"ಆದರೆ ಒಳಗೆ ನಾನಿದ್ದೇನಲ್ಲ!"

ಅಧೀಕ್ಷಕರು ನಿಯಮಾವಳಿಯನ್ನು ಎರಡು ಸಲ ತಿರುವಿ ಹಾಕಿದರು. "ಕೋಟಿನ ಒಳಗಿರುವ ಪದಾರ್ಥದ ಬಗ್ಗೆ ನಿಯಮಾವಳಿ ಏನೂ ಹೇಳುವುದಿಲ್ಲ," ಎಂದರು. ಬಳಿಕ ದನಿ ತಗ್ಗಿಸಿ, ಯೋಜನೆ ಐದು ವರ್ಷಕ್ಕೆ ವಿಸ್ತರಣೆಯಾಗುವುದು ಖಚಿತವೆಂದೂ, ಹುದ್ದೆಗಳು ಇಪ್ಪತ್ತೆರಡಾಗುವುವೆಂದೂ, ಪ್ರೊಫೆಸರರು ಮುಖ್ಯ ಸಂಶೋಧಕರೂ ಹೌದು ಕ್ಷೇತ್ರವೂ ಹೌದಾದ್ದರಿಂದ ಎರಡು ಭತ್ಯೆ ಪಡೆಯಲು ಅರ್ಹರೆಂದೂ ಹೇಳಿದರು. ಪ್ರೊಫೆಸರರು, ವಿಜ್ಞಾನಕ್ಕಾಗಿ ಹಿಂದೆಯೂ ಮಹನೀಯರು ತ್ಯಾಗ ಮಾಡಿದ್ದಾರೆ ಎಂದರು.

ಅಂದು ಸಂಜೆಯಿಂದ ಅವರು ಮೂರನೇ ವಾರ್ಡಿನಲ್ಲಿ ಏಳನೇ ಹಾಸಿಗೆಯ ಪಕ್ಕ ಒಂದು ಕುರ್ಚಿಯ ಮೇಲೆ ಇದ್ದಾರೆ. ವಿದೇಶದ ಸಮ್ಮೇಳನಕ್ಕೆ ಅವರ ಪರವಾಗಿ ಅಳಿಯ ಹೋಗಿ, ಸಾಮಾನು ಕೊಂಡು ಬಂದ. ಪ್ರೊಫೆಸರರ ಹೆಂಡತಿ ಊಟದ ಡಬ್ಬಿ ತಂದು ವಿಷಯ ತಿಳಿದಾಗ, ಇವರು ಮನೆಗೆ ಯಾವಾಗ ಬರುತ್ತಾರೆ ಎಂದು ಅಧೀಕ್ಷಕರನ್ನು ಕೇಳಿದರು. ಐದು ವರ್ಷ ಎಂದರು. ಹೆಂಡತಿ ಬೆರಳು ಮಡಿಸಿ ಲೆಕ್ಕ ಹಾಕಿ, "ವಿಸ್ತರಣೆಗೂ ಅವಕಾಶ ಇರುತ್ತಲ್ವಾ?" ಎಂದು ವಿಚಾರಿಸಿಕೊಂಡು ಹೋದರು.

ಡ್ರೈವರ್ ಎರಡೂ ಕಾಲಿನ ಹತ್ತೂ ಬೆರಳನ್ನು ಊರಿ ನಡೆದು ಹೋದ. ಬಾಗಿಲಲ್ಲಿ ಫಿನಾಯಿಲಕ್ಕನ ಕೈ ಹಿಡಿದು ಅತ್ತುಬಿಟ್ಟ, ಅವಳೂ ಅತ್ತಳು. ಬಿಡುಗಡೆಯ ಚೀಟಿಯಲ್ಲಿ 'ಗುಣಮುಖ' ಎಂಬಲ್ಲಿ 'ದತ್ತಾಂಶ ನಷ್ಟ' ಎಂದು ಬರೆದಿದ್ದರು. ಅವನು ಅದನ್ನು ಮಡಿಸಿ ಜೋಬಿಗಿಟ್ಟುಕೊಂಡ.

ಒಂದನೇ ತಾರೀಖು ಪಟ್ಟಿ ಬಂತು. ಫಿನಾಯಿಲಕ್ಕನ ಹೆಸರು ನಾಲ್ಕರಿಂದ ಒಂದಕ್ಕೆ ಏರಿತ್ತು. ಹುದ್ದೆ: ಕ್ಷೇತ್ರ ಸಂರಕ್ಷಕಿ, ಕಾಯಂ. ಷರತ್ತು: ಸದರಿಯವರ ಕೈಗುಣವನ್ನು ಗಮನದಲ್ಲಿಟ್ಟು, ಸದರಿಯವರು ಇನ್ನು ಮುಂದೆ ಆಸ್ಪತ್ರೆಯ ಆವರಣದಲ್ಲಿ ಯಾವುದನ್ನೂ ತೊಳೆಯತಕ್ಕದ್ದಲ್ಲ, ಒರೆಸತಕ್ಕದ್ದಲ್ಲ. ಅವಳು ಸಹಿ ಹಾಕಿದಳು. ಕ್ವಾರ್ಟರ್ಸ್ ಸಿಕ್ಕಿತು, ಒಳಗೇ ನಲ್ಲಿ. ಕ್ವಾರ್ಟರ್ಸೂ ಆವರಣಕ್ಕೇ ಸೇರಿದ್ದರಿಂದ ಪಾತ್ರೆ, ಬಟ್ಟೆ, ನೆಲ ಎಲ್ಲ ಗಂಡನ ಪಾಲಿಗೆ ಬಂತು. ಅವನು ಇನ್ನೂ ತಾತ್ಕಾಲಿಕ.

ಮುಂದಿನ ವಾರ ಏಳನೇ ಹಾಸಿಗೆಗೆ ಹೊಸ ರೋಗಿ ಬಂದಳು. ಶಾಲೆಯಲ್ಲಿ ಪಾಠ ಹೇಳುವವಳು, ಮೊಣಕೈಯಲ್ಲಿ ಸಣ್ಣ ಗಾಯ. ಪ್ರೊಫೆಸರರು ಬಗ್ಗಿ ಅವಳ ಗಾಯ ನೋಡಿ, ಬಲಗೈಯನ್ನು ಅವಳ ಊಟದ ಮೇಜಿನ ಮೇಲೆ ಊರಿ, ಮತ್ತೆ ತಮ್ಮ ಕುರ್ಚಿಗೆ ಹೋಗಿ ಕೂತರು. ಮೇಜಿನ ಮೇಲೆ ತೋಳಿನ ಅಚ್ಚು ಉಳಿಯಿತು.

"ಅಕ್ಕಾ," ಎಂದಳು ಅವಳು, "ಇದನ್ನ ಸ್ವಲ್ಪ ಒರೆಸ್ತೀರಾ?"

ಫಿನಾಯಿಲಕ್ಕ ಅಚ್ಚನ್ನು ನೋಡಿದಳು. ಹನ್ನೊಂದು ವರ್ಷದ ಕೈ, ಬೆರಳುಗಳು ತುರಿಸಿದವು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಕಾಯಂ ಕಣಮ್ಮ," ಎಂದಳು.

"ಓ, ಹೌದಾ! ಗೊತ್ತಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ," ಎಂದು ಆಕೆ ನಾಚಿಕೊಂಡು, ಗಾಯದ ಕೈಯನ್ನು ಮೇಜಿನ ಮೇಲಿಟ್ಟು ಊಟಕ್ಕೆ ಕೂತಳು.